ಮಂಗಳೂರಿನಿಂದ ಬಾಡಿಗೆ ಕಾರಲ್ಲಿ ದುರ್ಗ, ದಾವಣಗೆರೆ: ನಾಲ್ಕು ದಿನದ ಸುತ್ತಾಟ ಪ್ಲಾನ್ ಮಾಡುವುದು ಹೀಗೆ

ಮಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗ ಒಂದು ರಾತ್ರಿ ಫೋನ್ ಮಾಡಿದ. "ಅಣ್ಣ, ನಾಲ್ಕು ದಿನ ರಜೆ ಉಂಟು. ಕಾರು ಬಾಡಿಗೆಗೆ ತಗೊಂಡು ನಿಮ್ಮ ಕಡೆ ಬರ್ತೇವೆ. ದುರ್ಗದಲ್ಲಿ ನೋಡ್ಲಿಕ್ಕೆ ಎಂತ ಉಂಟು?"

ಮೊದಲು ನಿನ್ನ ಪ್ಲಾನ್ ಕಳಿಸು ಅಂದೆ. ವಾಟ್ಸಾಪಿನಲ್ಲಿ ಬಂತು. ಮೊದಲ ದಿನ ಬೆಳಗ್ಗೆ ಹತ್ತಕ್ಕೆ ಮಂಗಳೂರು ಬಿಡುವುದು, ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವುದು, ರಾತ್ರಿ ಊಟಕ್ಕೆ ದಾವಣಗೆರೆ. ಎರಡನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಚಿತ್ರದುರ್ಗದ ಕೋಟೆ. ತಿಂಗಳು ಏಪ್ರಿಲ್.

ನಕ್ಕುಬಿಟ್ಟೆ. ಆಗುಂಬೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ದಾವಣಗೆರೆ ಇನ್ನೂ ನಾಲ್ಕು ಗಂಟೆ ದೂರ ಇರುತ್ತದೆ. ಊಟಕ್ಕೆ ಬರುವಷ್ಟರಲ್ಲಿ ಹೋಟೆಲಿನವರು ಶಟರ್ ಎಳೆದಿರುತ್ತಾರೆ. ಇನ್ನು ಏಪ್ರಿಲ್ ಮಧ್ಯಾಹ್ನದ ದುರ್ಗದ ಬಂಡೆ ಅಂದರೆ ಕಾದ ಕಾವಲಿ. ಅದರ ಮೇಲೆ ದೋಸೆ ಹುಯ್ಯಬಹುದು, ನಡೆಯಲು ಆಗುವುದಿಲ್ಲ.

ಅವತ್ತು ಅವನಿಗೆ ಕೂತು ಬರೆದುಕೊಟ್ಟ ಪ್ಲಾನನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ನಾನು ದಾವಣಗೆರೆಯವನು. ಈ ದಾರಿಯಲ್ಲಿ ಎರಡೂ ಕಡೆಯಿಂದ ಓಡಾಡಿದ್ದೇನೆ, ಬಾಡಿಗೆ ಕಾರಿನಲ್ಲಿ ದುಡ್ಡು ಕಳೆದುಕೊಂಡಿದ್ದೂ ಇದೆ.

ಹೆಜ್ಜೆ 1: ಕಿಲೋಮೀಟರ್ ಬಿಡಿ, ಎರಡು ಗಡಿಯಾರ ಹಿಡಿಯಿರಿ

ಎಲ್ಲರೂ ಮೊದಲು ಮ್ಯಾಪ್ ತೆಗೆದು ದೂರ ನೋಡುತ್ತಾರೆ. ಮಂಗಳೂರಿನಿಂದ ದಾವಣಗೆರೆಗೆ ಸುಮಾರು 275 ಕಿ.ಮೀ. "ಅಷ್ಟೇನಾ, ಐದು ಗಂಟೆ" ಅಂದುಕೊಳ್ಳುತ್ತಾರೆ. ಇಲ್ಲೇ ತಪ್ಪುವುದು. ಈ ಪ್ರವಾಸ ನಿಂತಿರುವುದು ಎರಡು ಸಮಯದ ಮೇಲೆ. ಒಂದು, ಘಾಟಿಯನ್ನು ಹಗಲಲ್ಲೇ ದಾಟಬೇಕು, ಹೋಗುವಾಗಲೂ ಬರುವಾಗಲೂ. ಎರಡು, ಕೋಟೆಯನ್ನು ಬಿಸಿಲೇರುವ ಮೊದಲು ಹತ್ತಬೇಕು. ಈ ಎರಡನ್ನು ಕಾಗದದ ಮೇಲೆ ಮೊದಲು ಬರೆದುಕೊಳ್ಳಿ. ಎಲ್ಲಿ ಮಲಗಬೇಕು, ಎಷ್ಟಕ್ಕೆ ಏಳಬೇಕು, ಕಾರನ್ನು ಎಷ್ಟು ಗಂಟೆಗೆ ತಗೋಬೇಕು ಅನ್ನುವುದೆಲ್ಲ ಇದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ತಾನಾಗಿ ಬರುತ್ತದೆ.

ಕೋಟೆ ಬೆಳಗ್ಗೆ ಹತ್ತಬೇಕು ಅಂದರೆ ಹಿಂದಿನ ರಾತ್ರಿ ದುರ್ಗದಲ್ಲೇ ಮಲಗಬೇಕು. ದುರ್ಗದಲ್ಲಿ ಮಲಗಬೇಕು ಅಂದರೆ ಆ ಸಂಜೆ ದಾವಣಗೆರೆಯಲ್ಲಿ ದೋಸೆ ತಿಂದು ಹೊರಟರೆ ಸಾಕು, ಅರವತ್ತು ಕಿ.ಮೀ. ಅಷ್ಟೇ. ದಾವಣಗೆರೆಗೆ ಸಂಜೆ ಬರಬೇಕು ಅಂದರೆ ಹಿಂದಿನ ರಾತ್ರಿ ಶಿವಮೊಗ್ಗ. ಶಿವಮೊಗ್ಗಕ್ಕೆ ಮೊದಲ ದಿನ ಆರಾಮಾಗಿ ತಲುಪಬೇಕು ಅಂದರೆ ಬೆಳಗ್ಗೆ ಆರೂವರೆಗೆ ಮಂಗಳೂರು ಬಿಡಬೇಕು. ನೋಡಿ, ಅರ್ಧ ಪ್ಲಾನ್ ಆಗೇಹೋಯಿತು.

ತಿಂಗಳ ಮಾತು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಬಯಲುಸೀಮೆಗೆ ಏನೂ ತೊಂದರೆಯಿಲ್ಲ, ಆದರೆ ನಡುವೆ ಘಾಟಿ ಇದೆಯಲ್ಲ. ಗುಡ್ಡ ಕುಸಿದರೆ ರಸ್ತೆ ಬಂದ್. ಮಳೆಗಾಲದಲ್ಲೇ ಬರಬೇಕು ಅಂದರೆ ಹೊರಡುವ ಹಿಂದಿನ ದಿನ ಆ ಜಿಲ್ಲೆಗಳ ಸುದ್ದಿ ನೋಡಿ ಹೊರಡಿ. ಮಾರ್ಚ್ ದಾಟಿದ ಮೇಲೆ ದುರ್ಗ ಬೇಡ, ನನ್ನ ಮಾತು ಕೇಳಿ.

ಹೆಜ್ಜೆ 2: ಯಾವ ಘಾಟಿ ಹತ್ತುವುದು, ಯಾವುದು ಇಳಿಯುವುದು

ಹೋದ ದಾರಿಯಲ್ಲೇ ವಾಪಸ್ ಬರುವುದು ಬಾಡಿಗೆ ಕಾರಿಗೆ ಮಾಡುವ ಅವಮಾನ. ಒಂದು ಸುತ್ತು ಹಾಕಿ. ನಾನು ಹೇಳುವುದು ಆಗುಂಬೆ ಹತ್ತಿ, ಚಾರ್ಮಾಡಿ ಇಳಿಯಿರಿ ಅಂತ.

ಆಗುಂಬೆ ಘಾಟಿ ಕಡಿದು, ಕಿರಿದು. ಹದಿನಾಲ್ಕು ಹೇರ್‌ಪಿನ್ ತಿರುವು. ದೊಡ್ಡ ಲಾರಿಗಳನ್ನು ಬಿಡುವುದಿಲ್ಲ, ಸಣ್ಣ ಕಾರಿಗೆ ಅದೇ ವರ. ಬೆಳಗ್ಗೆ ಗಾಡಿ ಕಡಿಮೆ ಇರುವಾಗ ಹತ್ತುವುದೇ ಒಂದು ಖುಷಿ. ಚಾರ್ಮಾಡಿ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಬರುತ್ತದೆ. ಕೊಟ್ಟಿಗೆಹಾರದಿಂದ ಇಳಿದರೆ ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಮಂಗಳೂರು. ಇದೂ ಸುತ್ತುಬಳಸಿನದೇ, ಮಂಜು ಜಾಸ್ತಿ. ಸಂಜೆ ನಾಲ್ಕರೊಳಗೆ ಕೊಟ್ಟಿಗೆಹಾರದಲ್ಲಿ ಇರಬೇಕು. ಅದಕ್ಕಿಂತ ತಡವಾಗುವ ಹಾಗಿದ್ದರೆ ಚಿಕ್ಕಮಗಳೂರಿನಲ್ಲೇ ಉಳಿದುಬಿಡಿ, ಹಟ ಬೇಡ.

ಆಗುಂಬೆಯ ಸೂರ್ಯಾಸ್ತ ತಪ್ಪುತ್ತದಲ್ಲ ಅಂತ ತಮ್ಮ ಗೊಣಗಿದ. ಮನೆಯಿಂದ ಹತ್ತು ನಿಮಿಷ ಹೋದರೆ ತಣ್ಣೀರುಬಾವಿ, ಪಣಂಬೂರು. ದಿನಾ ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ನೋಡುವವನಿಗೆ ಅದೇ ಸೂರ್ಯ ಅದೇ ಸಮುದ್ರದ ಕಡೆ ಮುಳುಗುವುದನ್ನು ಗುಡ್ಡದ ಮೇಲೆ ನಿಂತು ನೋಡುವ ಆಸೆ! ಇರಲಿ, ಮುಂದಿನ ಸಲ.

ಹೆಜ್ಜೆ 3: ಕಾರು ಹುಡುಕುವುದು

ಮೊದಲು ಬೋರ್ಡ್ ನೋಡಿ. ನಾವೇ ಓಡಿಸಲು ಕೊಡುವ ಬಾಡಿಗೆ ಕಾರಿಗೆ ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರ ಇರಬೇಕು. ಹಳದಿ ಬೋರ್ಡ್ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಚಾಲಕರ ಸಮೇತ ಬರುವ ಟ್ಯಾಕ್ಸಿ. ಬಿಳಿ ಬೋರ್ಡ್ ಅಂದರೆ ಸ್ವಂತ ಬಳಕೆಯ ಗಾಡಿ, ಅದನ್ನು ಬಾಡಿಗೆಗೆ ಬಿಡುವ ಹಾಗಿಲ್ಲ. 1989ರ ರೆಂಟ್ ಎ ಕ್ಯಾಬ್ ಯೋಜನೆಯ ಪ್ರಕಾರ ಇದಕ್ಕೆಂದೇ ಪರವಾನಗಿ ಪಡೆದವರು ಮಾತ್ರ ಕೊಡಬೇಕು. "ನಮ್ಮ ಪರಿಚಯದವರದ್ದೇ ಗಾಡಿ ಇದೆ, ಐನೂರು ಕಡಿಮೆಗೆ ಕೊಡ್ತಾರೆ" ಅನ್ನುವವರು ಸಿಗುತ್ತಾರೆ. ಏನೂ ಆಗದಿದ್ದರೆ ಐನೂರು ಉಳಿಯಿತು. ಏನಾದರೂ ಆಯಿತು ಅಂದುಕೊಳ್ಳಿ, ವಿಮಾ ಕಂಪನಿ ಕೈ ಎತ್ತಬಹುದು. ಆಮೇಲೆ ಬಂಪರಿನಿಂದ ಆಸ್ಪತ್ರೆ ಬಿಲ್‌ವರೆಗೆ ಎಲ್ಲ ನಿಮ್ಮ ತಲೆ ಮೇಲೆ.

ಎರಡನೆಯದು ಕಿಲೋಮೀಟರ್ ಮಿತಿ. ನಮ್ಮ ಈ ಸುತ್ತಿಗೆ ಲೆಕ್ಕ ಹಾಕಿ ನೋಡಿ: ಮೊದಲ ದಿನ 200, ಎರಡನೇ ದಿನ 170, ಮೂರನೇ ದಿನ 120, ಕೊನೆಯ ದಿನ 300. ಒಟ್ಟು 790. ದಿನಕ್ಕೆ 200 ಕಿ.ಮೀ. ಕೊಡುವ ಪ್ಯಾಕೇಜ್ ತಗೊಂಡರೆ ನಾಲ್ಕು ದಿನಕ್ಕೆ 800. ಸರಿಯಾಗಿ ಕೂತ ಹಾಗೆ ಕಾಣುತ್ತದೆ, ಆದರೆ ಒಂದು ತಿರುವು ತಪ್ಪಿದರೆ, ಒಂದು ಊಟಕ್ಕೆ ಊರೊಳಗೆ ಹೋದರೆ ದಾಟಿಹೋಯಿತು. ದಾಟಿದ ಪ್ರತಿ ಕಿಲೋಮೀಟರಿಗೂ ದರ ಬೇರೆ. 250 ಅಥವಾ 300ರ ಪ್ಯಾಕೇಜ್ ತಗೊಳ್ಳಿ. ದಿನಕ್ಕೆ ಒಂದೆರಡು ನೂರು ಜಾಸ್ತಿ ಆಗಬಹುದು, ಮೀಟರ್ ನೋಡುತ್ತಾ ಕೂರುವ ಸಂಕಟ ಇರುವುದಿಲ್ಲ.

ಪೆಟ್ರೋಲ್ ಬಾಡಿಗೆಯಲ್ಲಿ ಸೇರಿದೆಯಾ ಇಲ್ಲವಾ ಕೇಳಿ. ಬಹುಪಾಲು ಸೇರಿರುವುದಿಲ್ಲ. 800 ಕಿ.ಮೀ., ಘಾಟಿ ಮತ್ತು ಎ.ಸಿ. ಸೇರಿ ಲೀಟರಿಗೆ 15 ಅಂತ ಹಿಡಿದರೆ 53 ಲೀಟರ್. ಲೀಟರಿಗೆ ನೂರರ ಮೇಲೆ ಸ್ವಲ್ಪ ಅಂತಿಟ್ಟುಕೊಂಡರೂ ಐದೂವರೆ ಸಾವಿರ ಎತ್ತಿಡಿ.

ಯಾವ ಗಾಡಿ? ನಾಲ್ಕು ಜನಕ್ಕೆ ಸಣ್ಣ ಹ್ಯಾಚ್‌ಬ್ಯಾಕ್ ಸಾಕು. ಆಗುಂಬೆಯ ತಿರುವಿನಲ್ಲಿ ಸಣ್ಣ ಗಾಡಿಯೇ ರಾಜ. ಐದು ಜನ, ಸೂಟ್‌ಕೇಸ್, ಜೊತೆಗೆ ಅಜ್ಜಿ ಅಂದರೆ ಮಾತ್ರ ದೊಡ್ಡದು. ಗ್ರೌಂಡ್ ಕ್ಲಿಯರೆನ್ಸ್ ಸ್ವಲ್ಪ ಎತ್ತರ ಇರಲಿ. ಯಾಕೆ ಅಂತ ಮುಂದೆ ಹಂಪ್ ಬಂದಾಗ ಹೇಳುತ್ತೇನೆ.

ಡಿಪಾಸಿಟ್ ಎಷ್ಟು, ಎಷ್ಟು ದಿನದಲ್ಲಿ ವಾಪಸ್ ಅಂತ ಬರಹದಲ್ಲಿ ಪಡೆಯಿರಿ, ಮೆಸೇಜ್ ಆದರೂ ಸಾಕು. ಅಪಘಾತವಾದರೆ ನಿಮ್ಮ ಪಾಲು ಎಷ್ಟು, ಟೈರು, ಗಾಜು, ಗಾಡಿಯ ತಳ ವಿಮೆಯಲ್ಲಿ ಬರುತ್ತದಾ ಅಂತ ಕೇಳಿ. ಈ ಮೂರನ್ನು ಹೊರಗಿಡುವವರೇ ಜಾಸ್ತಿ. ಲೈಸೆನ್ಸ್ ಆಗಿ ಒಂದು ವರ್ಷವಾದರೂ ಆಗಿರಬೇಕು, ವಯಸ್ಸು 21 ದಾಟಿರಬೇಕು ಎಂಬಂಥ ಷರತ್ತುಗಳೂ ಇರುತ್ತವೆ. ಇಬ್ಬರು ಓಡಿಸುವುದಿದ್ದರೆ ಇಬ್ಬರ ಹೆಸರೂ ಬುಕಿಂಗ್‌ನಲ್ಲಿ ಇರಲಿ.

ಹೆಜ್ಜೆ 4: ಕೀ ಕೈಗೆ ಬಂದ ಮೇಲಿನ ಹದಿನೈದು ನಿಮಿಷ

ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ಯಾಕೆಂದರೆ ನನಗೆ ಪೆಟ್ಟು ಬಿದ್ದಿರುವುದು ಇಲ್ಲೇ.

ಕೆಲವು ವರ್ಷದ ಹಿಂದೆ ಕರಾವಳಿಯ ಊರೊಂದರಲ್ಲಿ ಕಾರು ತಗೊಂಡೆ. ಬೆಳಗ್ಗೆ ಇನ್ನೂ ಕತ್ತಲು. ಹುಡುಗ ಮೊಬೈಲ್ ಬೆಳಕಲ್ಲಿ ಒಂದು ಸುತ್ತು ಹಾಕಿ, "ಎಲ್ಲ ಸರಿ ಇದೆ ಸಾರ್, ಸೈನ್ ಮಾಡಿ" ಅಂದ. ಮಾಡಿದೆ. ವಾಪಸ್ ಕೊಡುವಾಗ ಬೇರೆಯವನು ಬಂದ. ನೇರವಾಗಿ ಮಂಡಿಯೂರಿ ಕೂತು ಮುಂದಿನ ಬಂಪರಿನ ಕೆಳಗಿನ ಅಂಚಿಗೆ ಕೈ ಹಾಕಿದ. ಅಲ್ಲೊಂದು ಗೀರು. ಕೈಯಿಂದ ಮುಟ್ಟಿದರಷ್ಟೇ ಗೊತ್ತಾಗುವ ಗೀರು. ಅದು ಅಲ್ಲೇ ಇದೆ ಅಂತ ಅವನಿಗೆ ಮೊದಲೇ ಗೊತ್ತಿದ್ದ ಹಾಗಿತ್ತು! ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಡಿಪಾಸಿಟ್‌ನಲ್ಲಿ ಮೂರು ಸಾವಿರ ಹೋಯಿತು.

ಅದಕ್ಕೇ ಹೇಳುವುದು, ಕಾರನ್ನು ಬೆಳಕಿನಲ್ಲಿ ತಗೊಳ್ಳಿ. ಬೆಳಗ್ಗೆ ಆರೂವರೆಗೆ ಹೊರಡಬೇಕು ಅಂದರೆ ಹಿಂದಿನ ಸಂಜೆಯೇ ತಗೊಂಡು ಮನೆ ಮುಂದೆ ನಿಲ್ಲಿಸಿಕೊಳ್ಳಿ. ಅರ್ಧ ದಿನದ ಬಾಡಿಗೆ ಜಾಸ್ತಿ ಆದರೂ ಪರವಾಗಿಲ್ಲ. ತಗೊಳ್ಳುವಾಗ ನಿಲ್ಲಿಸದೆ ಒಂದೇ ವೀಡಿಯೊ ಮಾಡಿ. ಬೋರ್ಡಿನಿಂದ ಶುರು ಮಾಡಿ, ಮುಂದಿನ ಬಂಪರಿನ ಕೆಳ ಅಂಚು, ನಾಲ್ಕು ಚಕ್ರದ ರಿಮ್, ಬಾಗಿಲ ಅಂಚುಗಳು, ಎರಡೂ ಕನ್ನಡಿ, ಗಾಜಿನ ಮೂಲೆ, ಆಮೇಲೆ ಒಳಗೆ ಸೀಟು, ಕೊನೆಗೆ ಎಂಜಿನ್ ಚಾಲೂ ಮಾಡಿ ಮೀಟರ್ ಮತ್ತು ಪೆಟ್ರೋಲ್ ಮುಳ್ಳು. ಅದೇ ಹುಡುಗ ಪಕ್ಕದಲ್ಲಿ ನಿಂತಿರುವಾಗ "ಇಲ್ಲೊಂದು ಗೀರಿದೆ ನೋಡಪ್ಪಾ" ಅಂತ ಜೋರಾಗಿ ಹೇಳಿ, ಅದೂ ವೀಡಿಯೊದಲ್ಲಿ ಬರಲಿ. ಮುಗಿದ ತಕ್ಷಣ ಅವರ ನಂಬರಿಗೇ ಕಳಿಸಿಬಿಡಿ.

ಡಿಕ್ಕಿ ತೆಗೆದು ಸ್ಟೆಪ್ನಿ ಒತ್ತಿ ನೋಡಿ. ಗಾಳಿ ಇಲ್ಲದ ಸ್ಟೆಪ್ನಿ ಸುಮ್ನೆ ಭಾರ. ಜಾಕ್, ಪಾನಾ, ತ್ರಿಕೋನದ ಕೆಂಪು ಬೋರ್ಡು ಇವೆಯಾ ನೋಡಿ. ವೈಪರ್, ಹಾರ್ನ್, ಡಿಪ್ ಲೈಟ್, ಹಿಂದಿನ ಬ್ರೇಕ್ ಲೈಟ್ ಪರೀಕ್ಷಿಸಿ. ಹತ್ತು ಹೆಜ್ಜೆ ಓಡಿಸಿ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆದರೆ ಬೇರೆ ಗಾಡಿ ಕೇಳಿ. ಸಂಕೋಚ ಬೇಡ, ಮರುದಿನ ಘಾಟಿ ಹತ್ತುವುದು ನೀವು, ಅವರಲ್ಲ.

ಹೆಜ್ಜೆ 5: ಕಾಗದ ಮತ್ತು ಟೋಲ್

ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಪರ್ಮಿಟ್ ಗಾಡಿಯಲ್ಲಿ ಇರಬೇಕು. ನಿಮ್ಮ ಲೈಸೆನ್ಸ್ ಡಿಜಿಲಾಕರ್‌ನಲ್ಲಿ ಇದ್ದರೂ ನಡೆಯುತ್ತದೆ, ಆದರೆ ಮೊಬೈಲ್ ಚಾರ್ಜ್ ಹೋದರೆ? ಕಾರ್ಡ್ ಇಟ್ಟುಕೊಳ್ಳಿ.

ಫಾಸ್ಟ್ಯಾಗ್‌ನಲ್ಲಿ ದುಡ್ಡು ಇದೆಯಾ, ಯಾರು ಹಾಕಬೇಕು ಅಂತ ಮೊದಲೇ ಮಾತಾಡಿ. ಟ್ಯಾಗ್ ಕೈಕೊಟ್ಟರೆ ಟೋಲ್ ಜಾಸ್ತಿ ಬೀಳುತ್ತದೆ. 2025ರ ನವೆಂಬರ್‌ನಿಂದ ಯುಪಿಐನಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು. ಫಾಸ್ಟ್ಯಾಗ್‌ನ ವಾರ್ಷಿಕ ಪಾಸ್ ಖಾಸಗಿ ಗಾಡಿಗಳಿಗೆ ಮಾತ್ರ, ಬಾಡಿಗೆ ಕಾರಿಗೆ ಸಿಗದು. ನಮ್ಮ ದಾರಿಯಲ್ಲಿ ನೆನಪಿಡಬೇಕಾದ ಟೋಲ್‌ಗಳೆಂದರೆ ದಾವಣಗೆರೆ ಮತ್ತು ದುರ್ಗದ ನಡುವಿನ ಹೆಬ್ಬಾಳು, ಹಿರಿಯೂರಿನ ಕಡೆಗೆ ಹೋದರೆ ಗುಯಿಲಾಳು, ಕೊನೆಯ ದಿನ ಮಂಗಳೂರು ಇನ್ನೇನು ಬಂತು ಅನ್ನುವಾಗ ಬ್ರಹ್ಮರಕೂಟ್ಲು.

ಫೋನಿನಲ್ಲಿ ಮೂರು ನಂಬರ್: 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ನಿಂತರೆ 1033. ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಘಾಟಿಯಲ್ಲಿ ನೆಟ್‌ವರ್ಕ್ ಕಣ್ಣಾಮುಚ್ಚಾಲೆ ಆಡುತ್ತದೆ.

ಹೆಜ್ಜೆ 6: ಮೊದಲ ದಿನ, ಮಂಗಳೂರು ಬಿಟ್ಟು ಶಿವಮೊಗ್ಗ

ಉಡುಪಿಗೆ ಹೋಗಿ ತಿರುಗುವುದಕ್ಕಿಂತ ಮೂಡುಬಿದಿರೆ, ಕಾರ್ಕಳ, ಹೆಬ್ರಿ ದಾರಿ ಹತ್ತಿರ. ತಿಂಡಿ ಕಾರ್ಕಳದಲ್ಲಿ. ಟ್ಯಾಂಕ್ ಅಲ್ಲೇ ತುಂಬಿಸಿ. ಹೆಬ್ರಿ ದಾಟಿ ಸೋಮೇಶ್ವರ ಬಂತು ಅಂದರೆ ಘಾಟಿಯ ಬುಡ.

ಘಾಟಿಯಲ್ಲಿ ಹೇಳಬೇಕಾದ್ದು ಕರಾವಳಿಯವರಿಗೆ ಗೊತ್ತೇ ಇರುತ್ತದೆ. ಆದರೂ ಬಾಡಿಗೆ ಕಾರಿನ ಕ್ಲಚ್ ನಿಮಗೆ ಹೊಸದು, ಅದಕ್ಕೆ ಹೇಳುತ್ತೇನೆ. ತಿರುವಿಗೆ ಬರುವ ಮೊದಲೇ ಗೇರ್ ಇಳಿಸಿ, ತಿರುವಿನ ನಡುವೆ ಅಲ್ಲ. ಹಾರ್ನ್ ಮಾಡಿ, ಒಂದು ಕ್ಷಣ ಕಿವಿಗೊಡಿ. ಇಕ್ಕಟ್ಟಾದ ಕಡೆ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಇದು ಬರೀ ಸೌಜನ್ಯ ಅಲ್ಲ, 2017ರ ಚಾಲನಾ ನಿಯಮದಲ್ಲೇ ಇದೆ. ಇಳಿಯುವಾಗ ಯಾವ ಗೇರಲ್ಲಿ ಹತ್ತುತ್ತಿದ್ದಿರೋ ಅದೇ ಗೇರಲ್ಲಿ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಸುಟ್ಟ ವಾಸನೆ ಬರುತ್ತದೆ. ಮಂಜಿದ್ದರೆ ಹೈಬೀಮ್ ಹಾಕಬೇಡಿ, ಬಿಳಿ ಗೋಡೆ ಎದ್ದು ನಿಂತ ಹಾಗಾಗುತ್ತದೆ. ಕೋತಿಗೆ ಬಿಸ್ಕೆಟ್ ಎಸೆಯಬೇಡಿ. ಈ ಕಾಡಿನಲ್ಲಿ ಸಿಂಗಳೀಕಗಳೂ ಇವೆ, ತಿಂಡಿ ಆಸೆಗೆ ರಸ್ತೆಗೆ ಇಳಿದು ಚಕ್ರಕ್ಕೆ ಸಿಗುತ್ತವೆ.

ಆಗುಂಬೆಯಲ್ಲಿ ಒಂದು ಕಾಫಿ. ತೀರ್ಥಹಳ್ಳಿಯಲ್ಲಿ ಊಟ. ಅಲ್ಲಿಂದ ಶಿವಮೊಗ್ಗದವರೆಗೆ ತುಂಗೆ ಆಗಾಗ ಪಕ್ಕಕ್ಕೆ ಬಂದು ಹೋಗುತ್ತಾಳೆ. ಮಂಡಗದ್ದೆಯಲ್ಲಿ ಹೊಳೆಯ ನಡುವಿನ ಗಿಡಗಳ ಮೇಲೆ ಹಕ್ಕಿಗಳಿರುತ್ತವೆ, ಮಳೆಗಾಲದಲ್ಲಿ ಬಂದರೆ ಜಾಸ್ತಿ. ಸಕ್ರೆಬೈಲಿನ ಆನೆ ಬಿಡಾರ ಬೆಳಗಿನ ಹೊತ್ತಿನದು, ಮಧ್ಯಾಹ್ನ ಹೋದರೆ ಆನೆಗಳಿರುವುದಿಲ್ಲ. ಮಕ್ಕಳಿದ್ದರೆ ಮರುದಿನ ಬೆಳಗ್ಗೆ ಶಿವಮೊಗ್ಗದಿಂದ ಹದಿನಾಲ್ಕು ಕಿ.ಮೀ. ಹಿಂದಕ್ಕೆ ಬಂದು ನೋಡಿಕೊಂಡು ಹೋಗಿ.

ಹೆಜ್ಜೆ 7: ಎರಡನೇ ದಿನ, ಬಯಲಿಗೆ ಇಳಿಯುವುದು

ಶಿವಮೊಗ್ಗ ದಾಟಿ ಚನ್ನಗಿರಿ ಕಡೆ ತಿರುಗಿದ ಮೇಲೆ ನೆಲ ಅಗಲವಾಗುತ್ತದೆ. ಅಡಿಕೆ ಸುಗ್ಗಿಯ ಕಾಲವಾದರೆ ಕಣದ ತುಂಬ ಕೆಂಪಡಿಕೆ ಹರಡಿರುತ್ತದೆ. ಮ್ಯಾಪ್‌ನಲ್ಲಿ ಸೂಳೆಕೆರೆ ಮತ್ತು ಸಂತೆಬೆನ್ನೂರು ಎರಡನ್ನೂ ಹಾಕಿಕೊಳ್ಳಿ, ಎರಡೂ ಚನ್ನಗಿರಿ ತಾಲ್ಲೂಕಿನಲ್ಲೇ ಇವೆ.

ಸೂಳೆಕೆರೆಗೆ ಶಾಂತಿಸಾಗರ ಅಂತಲೂ ಹೆಸರು. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಅಂತ ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಎರಡು ಗುಡ್ಡದ ನಡುವೆ ಒಂದು ಏರಿ ಕಟ್ಟಿ ಇಷ್ಟು ನೀರು ನಿಲ್ಲಿಸಿದ್ದಾರೆ. ನೀವು ನಾಳೆ ಚಿತ್ರದುರ್ಗದಲ್ಲಿ ಕುಡಿಯುವ ನೀರು ಇಲ್ಲಿಂದಲೇ ಹೋಗಿದ್ದಿರಬಹುದು.

ಸಂತೆಬೆನ್ನೂರಿನ ಪುಷ್ಕರಣಿಯನ್ನು ಬಿಡಬೇಡಿ. ಹದಿನಾರನೇ ಶತಮಾನದಲ್ಲಿ ಇಲ್ಲಿನ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದು. ನೀರಿನ ನಡುವೆ ಮಂಟಪ. ಪಕ್ಕದಲ್ಲೇ ಮುಸಾಫಿರ್‌ಖಾನೆ. ಮುಸಾಫಿರ ಅಂದರೆ ಪ್ರಯಾಣಿಕ ಅಲ್ವಾ? ಮಂಗಳೂರಿನಿಂದ ಗಾಡಿ ಓಡಿಸಿಕೊಂಡು ಬಂದವರು ಅದರ ನೆರಳಲ್ಲಿ ಹತ್ತು ನಿಮಿಷ ಕೂರಬೇಕು.

ಈಗ ಮುಖ್ಯವಾದ ಮಾತು. ಕರಾವಳಿಯವರು ಘಾಟಿಗೆ ಹೆದರುತ್ತಾರೆ, ಬಯಲಿಗೆ ಹೆದರುವುದಿಲ್ಲ. ನನ್ನ ಅನುಭವದಲ್ಲಿ ಜಾಸ್ತಿ ಎಚ್ಚರ ಬೇಕಾದ್ದು ಇಲ್ಲೇ. ರಸ್ತೆ ನೇರ, ಬಿಸಿಲು ಒಂದೇ ಸಮ, ಊಟ ಆದ ಮೇಲೆ ಕಣ್ಣು ಎಳೆಯುತ್ತದೆ. ಹಳ್ಳಿ ಬಂತು ಅಂದರೆ ಹಂಪ್. ಬಣ್ಣ ಇಲ್ಲ, ಫಲಕ ಇಲ್ಲ, ಒಂದೊಂದು ಹಂಪ್ ಒಂದೊಂದು ಎತ್ತರ. ಬಸ್ ನಿಲ್ದಾಣದ ಶೆಡ್ಡೋ ಶಾಲೆಯ ಗೋಡೆಯೋ ಕಂಡರೆ ಮುಂದೆ ಹಂಪ್ ಇದೆ ಅಂತಲೇ ತಿಳಿದು ನಿಧಾನ ಮಾಡಿ. ಕಾರು ತಗೊಳ್ಳುವಾಗಿನ ಆ ವೀಡಿಯೊದಲ್ಲಿ ಬಂಪರಿನ ಕೆಳ ಅಂಚು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಸುಗ್ಗಿ ಕಾಲದಲ್ಲಿ ಇನ್ನೊಂದಿದೆ. ಅರ್ಧ ರಸ್ತೆಗೆ ಮೆಕ್ಕೆಜೋಳ ಒಣ ಹಾಕಿ ಅಂಚಿಗೆ ಕಲ್ಲಿಟ್ಟಿರುತ್ತಾರೆ. ರಾಗಿ, ಹುರುಳಿ ಒಕ್ಕಣೆಯನ್ನು ರಸ್ತೆ ಮೇಲೇ ಮಾಡುತ್ತಾರೆ, ಗಾಡಿಗಳು ತುಳಿಯಲಿ ಅಂತ. ಮೆಕ್ಕೆಜೋಳದ ಕಾಳಿನ ಮೇಲೆ ಬ್ರೇಕ್ ಹಾಕಿದರೆ ಗಾಡಿ ಜಾರುತ್ತದೆ. ಹುರುಳಿ ಬಳ್ಳಿ ಇನ್ನೂ ಕೆಟ್ಟದ್ದು. ಗಾಡಿಯ ತಳಕ್ಕೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತಿದ ಉದಾಹರಣೆಗಳಿವೆ. ಒಂದು ಸಲ ಹೀಗೆ ದಾಟಿ ಒಂದು ಕಿ.ಮೀ. ಹೋಗಿರಲಿಲ್ಲ, ಕೆಳಗೆ ಸರಸರ ಸದ್ದು. ನಿಲ್ಲಿಸಿ ಬಗ್ಗಿ ನೋಡಿದರೆ ಹಗ್ಗದ ಹಾಗೆ ಹೊಸೆದುಕೊಂಡಿತ್ತು. ಎಂಜಿನ್ ಆರಿಸಿ, ಆರುವವರೆಗೆ ಕಾದು, ಕೋಲಿನಿಂದ ಬಿಡಿಸಿ ತೆಗೆದೆ. ಬದಿಯಲ್ಲಿ ಜಾಗ ಇದ್ದರೆ ಸುತ್ತಿಕೊಂಡು ಹೋಗಿ. ಇಲ್ಲದಿದ್ದರೆ ದಾಟಿದ ಮೇಲೆ ನಿಲ್ಲಿಸಿ ಒಮ್ಮೆ ಬಗ್ಗಿ ನೋಡಿ. ಕತ್ತಲಾದ ಮೇಲೆ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್ ಎದುರಾಗುತ್ತವೆ, ಹಾಗಾಗಿ ಒಳರಸ್ತೆಗಳನ್ನು ಹಗಲಲ್ಲೇ ಮುಗಿಸಿ.

ದಾವಣಗೆರೆಗೆ ಮೂರು ಗಂಟೆ ಹೊತ್ತಿಗೆ ಬಂದರೆ ಹದ. ಸಮಯ ಇದ್ದರೆ ಹದಿನಾಲ್ಕು ಕಿ.ಮೀ. ದೂರದ ಹರಿಹರಕ್ಕೆ ಹೋಗಿ ಬನ್ನಿ. ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಕಾಲದ್ದು, 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ್ದು. ಅರ್ಧ ಹರಿ, ಅರ್ಧ ಹರ. ಪಕ್ಕದಲ್ಲಿ ತುಂಗಭದ್ರೆ. ಇಲ್ಲವಾದರೆ ಕುಂದವಾಡ ಕೆರೆಯ ಸುತ್ತ ಒಂದು ನಡಿಗೆ.

ಆಮೇಲೆ ದೋಸೆ. ಹೊರ ಊರಿನವರು ಬಂದ ತಕ್ಷಣ ಬೆಣ್ಣೆ ಮಸಾಲೆ ಹೇಳುತ್ತಾರೆ. ನನ್ನ ಮಾತು ಕೇಳಿ ಮೊದಲು ಬೆಣ್ಣೆ ಖಾಲಿ ದೋಸೆ ಹೇಳಿ. ಸಣ್ಣದಾಗಿ, ದಪ್ಪಗೆ ಬರುತ್ತದೆ. ಅಂಚು ಗರಿಗರಿ, ನಡುವೆ ಸ್ಪಂಜಿನ ಹಾಗೆ ತೂತು, ಆ ತೂತಿನೊಳಗೆ ಬೆಣ್ಣೆ ಇಳಿಯುತ್ತಾ ಇರುತ್ತದೆ. ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬುವುದರಿಂದ ಹಾಗೆ ಬರುವುದು. ಪಕ್ಕದಲ್ಲಿ ಖಾರವಿಲ್ಲದ ಆಲೂಗಡ್ಡೆ ಪಲ್ಯ, ಬಿಳಿ ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ, ಸಪ್ಲೈಯರ್ ನಿಮ್ಮ ಮುಖ ನೋಡುತ್ತಾನೆ. ಎರಡನೆಯದಕ್ಕೆ ಓಪನ್ ಹೇಳಿ. ಮೂರನೆಯದು ತಾನಾಗಿ ಬರುತ್ತದೆ. ತಮ್ಮನ ಹೆಂಡತಿ ಮೊದಲ ತುತ್ತಿಗೆ "ಭಾವ, ನಮ್ಮ ನೀರ್‌ದೋಸೆಗೆ ಇದು ದೊಡ್ಡಪ್ಪನ ಮಗ ಅಲ್ವಾ?" ಅಂದಳು. ಇರಬಹುದು, ಚೆನ್ನಾಗಿ ತಿಂದು ಬೆಳೆದವನು.

ಗಾಡಿಗೆ ಅಂತ ಮಂಡಕ್ಕಿ ಕಟ್ಟಿಸಿಕೊಳ್ಳಿ. ಭಟ್ಟಿಯಲ್ಲಿ ಹುರಿದ ಮಂಡಕ್ಕಿ ನಮ್ಮೂರಿನ ಹೆಸರು. ಆಮೇಲೆ ರಾಷ್ಟ್ರೀಯ ಹೆದ್ದಾರಿ 48 ಹತ್ತಿ. ದುರ್ಗಕ್ಕೆ ಒಂದು ಗಂಟೆ. ಈ ಒಂದು ತುಂಡನ್ನು ಮಾತ್ರ ಕತ್ತಲಲ್ಲಿ ಓಡಿಸಿ ಅನ್ನುತ್ತಿದ್ದೇನೆ, ಯಾಕೆಂದರೆ ನಡುವೆ ವಿಭಜಕ ಇದೆ, ರಸ್ತೆ ಅಗಲ. ಹೆದ್ದಾರಿ ಊರಿನ ಹೊರಗೆ ಸುತ್ತಿ ಹೋಗುತ್ತದೆ. ಚಿತ್ರದುರ್ಗದ ತಿರುವಿನ ಫಲಕ ಕಂಡ ಕೂಡಲೇ ಎಡಕ್ಕೆ ಸರಿಯಿರಿ. ತಪ್ಪಿದರೆ ಹೆದ್ದಾರಿಯಲ್ಲಿ ರಿವರ್ಸ್ ಬರಬೇಡಿ, ಮುಂದಿನ ಅಂಡರ್‌ಪಾಸ್‌ನಲ್ಲಿ ತಿರುಗಿ.

ಹೆಜ್ಜೆ 8: ಮೂರನೇ ದಿನ, ಕೋಟೆ

ಬೆಳಗ್ಗೆ ಏಳಕ್ಕೆ ಕೋಟೆ ಬಾಗಿಲಲ್ಲಿ ಇರಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಬ್ಬ ಗೈಡ್ ಹಿಡಿಯಿರಿ, ದರ ಮೊದಲೇ ಮಾತಾಡಿ. ಹಿಡಿತ ಇರುವ ಶೂ, ತಲೆಗೊಂದು ಟೋಪಿ, ತಲೆಗೊಂದು ಲೀಟರ್ ನೀರು. ತಿಂಡಿ ಕೈಯಲ್ಲಿ ಹಿಡಿದು ನಡೆಯಬೇಡಿ, ಇಲ್ಲಿನ ಕೋತಿಗಳಿಗೆ ಆಗುಂಬೆಯವಷ್ಟು ಸಂಕೋಚ ಇಲ್ಲ.

ಏಳು ಸುತ್ತಿನ ಕೋಟೆ ಅನ್ನುವುದು ಹೆಸರಿಗಲ್ಲ. ಒಂದು ಬಾಗಿಲು ದಾಟಿದರೆ ದಾರಿ ಥಟ್ಟನೆ ತಿರುಗುತ್ತದೆ. ಆನೆ ಓಡಿಬಂದು ಬಾಗಿಲಿಗೆ ಗುದ್ದಬಾರದು ಅಂತ. ಒಳಗೆ ಮದ್ದು ಬೀಸುವ ದೊಡ್ಡ ಕಲ್ಲುಗಳಿವೆ, ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಗುಡಿಗಳಿವೆ. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ ಇವೆ. ಬಂಡೆಯ ಮೇಲೆ ಬಿದ್ದ ಒಂದು ಹನಿಯೂ ಸುಮ್ಮನೆ ಹೋಗದ ಹಾಗೆ ಹೊಂಡದಿಂದ ಹೊಂಡಕ್ಕೆ ಇಳಿಸಿದ್ದಾರೆ. ಮಳೆಯ ನಾಡಿನಿಂದ ಬಂದವರು ಇದನ್ನು ನಿಧಾನವಾಗಿ ನೋಡಬೇಕು.

ಓಬವ್ವನ ಕಿಂಡಿಯ ಹತ್ತಿರ ಎಲ್ಲರೂ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನೀವು ಒಮ್ಮೆ ಬಗ್ಗಿ ಒಳಗೆ ನುಸುಳಲು ನೋಡಿ. ಮೊದಲು ತಲೆ ಹೋಗಬೇಕು, ಆಮೇಲೆ ಭುಜ. ಆ ಹೊತ್ತಿನಲ್ಲಿ ಕೈ ಎತ್ತಲು ಆಗುವುದಿಲ್ಲ. ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ಹೀಗೆ ತಲೆ ಹಾಕುವಾಗ ಆಚೆ ಒನಕೆ ಹಿಡಿದು ನಿಂತಿದ್ದವಳು ಊಟಕ್ಕೆ ಹೋದ ಕಾವಲುಗಾರನ ಹೆಂಡತಿ. ಆ ಸಲ ಕೋಟೆ ಉಳಿಯಿತು. 1779ರಲ್ಲಿ ಹೈದರನ ಕೈಗೆ ಹೋಯಿತು.

ಹತ್ತೂವರೆಗೆ ಇಳಿದುಬಿಡಿ. ಮಧ್ಯಾಹ್ನ ರೂಮಿನಲ್ಲಿ ನಿದ್ದೆ. ಮೂರರ ಮೇಲೆ ಎರಡು ದಾರಿ. ಸುಸ್ತಾಗಿದ್ದರೆ ಊರ ಪಕ್ಕದ ಚಂದ್ರವಳ್ಳಿ. ಕೆರೆ, ಗುಹೆ, ಕದಂಬರ ಮಯೂರಶರ್ಮನ ಶಾಸನ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದರು. ರೋಮನ್ನರ ನಾಣ್ಯಗಳೂ ಇಲ್ಲಿ ಸಿಕ್ಕಿವೆ, ಅಂದರೆ ಕರಾವಳಿಯಿಂದ ದುರ್ಗಕ್ಕೆ ಬಂದವರಲ್ಲಿ ನೀವೇ ಮೊದಲಿಗರೇನಲ್ಲ. ಉತ್ಸಾಹ ಇದ್ದರೆ ಹಿರಿಯೂರು ಕಡೆಯ ವಾಣಿವಿಲಾಸ ಸಾಗರ. ನಾವು ಮಾರಿಕಣಿವೆ ಅನ್ನುತ್ತೇವೆ. ವೇದಾವತಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಅಣೆಕಟ್ಟು, 1907ರಲ್ಲಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲೇ. ಎಂಬತ್ತೊಂಬತ್ತು ವರ್ಷ! ಅವತ್ತು ಕೋಡಿ ನೋಡಲು ನಮ್ಮ ಮನೆಯಿಂದಲೂ ಜನ ಹೋಗಿದ್ದರು.

ಹೆಜ್ಜೆ 9: ಕೊನೆಯ ದಿನ

ಉದ್ದದ ದಿನ. ಆರಕ್ಕೇ ಬಿಡಿ. ಹೊಸದುರ್ಗ, ಕಡೂರು, ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ. ಊಟ ಚಿಕ್ಕಮಗಳೂರಿನಲ್ಲಿ ಮುಗಿಸಿ. ನಾಲ್ಕರ ಗಡಿಯಾರ ನೆನಪಿದೆಯಲ್ಲ? ದಾರಿಯಲ್ಲಿ ಇನ್ನೇನೂ ಸೇರಿಸಬೇಡಿ, ಬೇಲೂರನ್ನೂ ಬೇಡ.

ಹೆಜ್ಜೆ 10: ಕಾರು ವಾಪಸ್ ಕೊಡುವುದು

ಬುಕಿಂಗ್ ಮಾಡುವಾಗಲೇ ವಾಪಸಾತಿ ಸಮಯವನ್ನು ಮರುದಿನ ಬೆಳಗ್ಗೆಗೆ ಇಡಿ. ರಾತ್ರಿ ಒಂಬತ್ತಕ್ಕೆ ಅಂತ ಇಟ್ಟುಕೊಂಡರೆ ಘಾಟಿಯಲ್ಲಿ ಗಡಿಯಾರ ನೋಡುತ್ತಾ ಓಡಿಸುತ್ತೀರಿ. ತಡವಾದ ಗಂಟೆಗೆ ಹಾಕುವ ದರವೂ ಸಣ್ಣದಲ್ಲ. ಬೆಳಕಿನಲ್ಲಿ ಕೊಡುವುದರಿಂದ ಗೀರಿನ ಜಗಳವೂ ಕಡಿಮೆ.

ತಗೊಂಡಾಗ ಎಷ್ಟು ಪೆಟ್ರೋಲ್ ಇತ್ತೋ ಅಷ್ಟು ತುಂಬಿಸಿ, ಬಿಲ್ ಇಟ್ಟುಕೊಳ್ಳಿ. ಅದೇ ರೀತಿ ಇನ್ನೊಂದು ವೀಡಿಯೊ. ಕೊಟ್ಟಿದ್ದಕ್ಕೆ ಒಂದು ಸಾಲು ಬರೆಸಿಕೊಳ್ಳಿ, ಹೆಚ್ಚುವರಿ ಏನೂ ಇಲ್ಲ ಅಂತ. ಕ್ಯಾಮೆರಾ ಹಿಡಿದ ವೇಗದ ದಂಡ ಆಮೇಲೆ ಬರಬಹುದು, ಹಾಗಾಗಿ ವೀಡಿಯೊ, ಬಿಲ್ ಎಲ್ಲವನ್ನೂ ಒಂದೆರಡು ತಿಂಗಳು ಅಳಿಸಬೇಡಿ.

ಕೊಡುವ ಮೊದಲು ಸೀಟುಗಳ ಕೆಳಗೆ ಒಮ್ಮೆ ಗುಡಿಸಿ. ತಮ್ಮನ ಡಿಪಾಸಿಟ್ ಏಳನೇ ದಿನಕ್ಕೆ ಬಂತು, ಗೀರಿಲ್ಲ, ದಂಡವಿಲ್ಲ, ಆದರೆ ಮುನ್ನೂರು ರೂಪಾಯಿ ಕಡಿಮೆ. ಫೋನ್ ಮಾಡಿ ಕೇಳಿದ್ದಕ್ಕೆ ಸ್ವಚ್ಛತಾ ಶುಲ್ಕ ಅಂದರಂತೆ. ಹಿಂದಿನ ಸೀಟಿನ ತುಂಬ ಮಂಡಕ್ಕಿ.